ದೈತ್ಯ, ಕುಳ್ಳ ಒಂದೇ ಮೇಜಿನಲ್ಲಿ: ಗ್ರಾಫಿಕ್ಸ್ ಇಲ್ಲದೆ ಸೆಟ್‌ನಲ್ಲೇ ಆಗುತ್ತಾ?

ಕತ್ತಲೆಕೋಣೆ:

ಫ್ಯಾಂಟಸಿ ಚಿತ್ರಗಳ ಮೇಕಿಂಗ್ ವಿಡಿಯೊಗಳಲ್ಲಿ ಒಂದು ವಿಚಿತ್ರ ಮೇಜು ಆಗಾಗ ಕಣ್ಣಿಗೆ ಬೀಳುತ್ತೆ. ಕ್ಯಾಮೆರಾದಲ್ಲಿ ನೋಡಿದರೆ ಒಂದೇ ಮೇಜು. ಪಕ್ಕಕ್ಕೆ ಬಂದು ನೋಡಿದರೆ ಎರಡು ತುಂಡು: ಒಂದು ಗಿಡ್ಡ, ಇನ್ನೊಂದು ಎತ್ತರ, ಮಧ್ಯದಲ್ಲಿ ಖಾಲಿ ನೆಲ. ಗಿಡ್ಡ ತುಂಡಿನ ಹತ್ತಿರ ದೈತ್ಯ, ಎತ್ತರದ ತುಂಡಿನ ಹತ್ತಿರ ಕುಳ್ಳ. ಇದರ ಲೆಕ್ಕಾಚಾರ ಪೂರ್ತಿ ಬೇಕಾಗಿದೆ.

ದೃಶ್ಯ ಇಷ್ಟೇ: ಕಲ್ಲಿನ ಗೋಡೆಯ ಹಜಾರ, ಮೇಜಿನ ಎಡಕ್ಕೆ ದೈತ್ಯ, ಬಲಕ್ಕೆ ಕುಳ್ಳ, ಎರಡು ನಿಮಿಷದ ಮಾತು. ಇಬ್ಬರು ನಟರೂ 170 ಸೆಂ.ಮೀ. ದೈತ್ಯ ಒಂದೂವರೆ ಪಟ್ಟು ಕಾಣಬೇಕು. ಸೂಪರ್ 35 ಕ್ಯಾಮೆರಾ (ಸೆನ್ಸರ್ ಅಗಲ ಸುಮಾರು 25 ಮಿ.ಮೀ.), 50 ಎಂ.ಎಂ. ಲೆನ್ಸ್ ಅಂದುಕೊಂಡಿದೆ. ಮೇಜಿನ ಮೇಲೆ ಮೇಣದಬತ್ತಿ, ಹಜಾರದಲ್ಲಿ ತೆಳ್ಳಗೆ ಹೊಗೆ. ಜೊತೆಗೆ ಸಣ್ಣದೊಂದು ಟ್ರಾಲಿ ಮೂವ್‌ಮೆಂಟ್ (ಹಳಿಯ ಮೇಲೆ ಕ್ಯಾಮೆರಾ ಸರಿಸೋದು) ಕೂಡ ಬೇಕು. ಎಲ್ಲಿ ಎಡವಟ್ಟಾಗುತ್ತೆ?

ಗಾಜುಗಣ್ಣು:

ಮೊದಲು ಲೆನ್ಸ್ ಬದಲಾಯಿಸಿ. ಸೂಪರ್ 35ರಲ್ಲಿ 50 ಎಂ.ಎಂ. ಹಾಕಿದರೆ 3 ಮೀಟರ್ ದೂರದಲ್ಲಿ ಫ್ರೇಮಿನ ಅಗಲ ಸುಮಾರು ಒಂದೂವರೆ ಮೀಟರ್ ಮಾತ್ರ. ದೈತ್ಯನೊಬ್ಬನೇ ಅರ್ಧ ಫ್ರೇಮ್ ತಿಂದುಬಿಡ್ತಾನೆ. 32 ಎಂ.ಎಂ. ಆದರೆ 2.3 ಮೀಟರ್ ಸಿಗುತ್ತೆ, ಕೂತ ಇಬ್ಬರಿಗೂ ಮೇಜಿಗೂ ಸಾಕು. ಇನ್ನೂ ಅಗಲ ಬೇಕು ಅಂತ 18ಕ್ಕೋ 21ಕ್ಕೋ ಇಳಿದರೆ ಫ್ರೇಮಿನ ಅಂಚಲ್ಲಿ ಮುಖ ಎಳೆದಂತಾಗುತ್ತೆ. ದೈತ್ಯನಿಗೆ ಅದು ಒಪ್ಪೀತು, ಕುಳ್ಳನಿಗೆ ಒಪ್ಪಲ್ಲ.

ಗಾತ್ರದ ಅನುಪಾತಕ್ಕೂ ಲೆನ್ಸಿಗೂ ಸಂಬಂಧವೇ ಇಲ್ಲ. ಅದು ಬರೀ ದೂರದ ಲೆಕ್ಕ. ಒಂದೂವರೆ ಪಟ್ಟು ಬೇಕಾದರೆ ದೈತ್ಯ 3 ಮೀಟರಿನಲ್ಲಿ, ಕುಳ್ಳ 4.5 ಮೀಟರಿನಲ್ಲಿ.

ಇಬ್ಬರೂ ಒಂದೇ ಹದಕ್ಕೆ ಶಾರ್ಪ್ ಇರಬೇಕು. ಒಬ್ಬನ ಮುಖ ಚೂರು ಮಸುಕಾದರೂ ಕಣ್ಕಟ್ಟು ಬಯಲಾಯ್ತು. ಫೋಕಸ್ ಇಡಬೇಕಾದ್ದು ನಟ್ಟನಡುವಿನ 3.75ರಲ್ಲಲ್ಲ, 3.6ರಲ್ಲಿ. ಎರಡು ದೂರಗಳನ್ನು ಗುಣಿಸಿ, ಬಂದದ್ದನ್ನು ಎರಡರಿಂದ ಗುಣಿಸಿ, ಆ ಎರಡು ದೂರಗಳ ಮೊತ್ತದಿಂದ ಭಾಗಿಸಿದರೆ ಈ ಅಂಕಿ ಬರುತ್ತೆ. ಮಸುಕಿನ ಮಿತಿ (ಸೆನ್ಸರ್ ಮೇಲೆ ಒಂದು ಚುಕ್ಕಿ ಇಷ್ಟು ಹರಡಿದರೂ ಶಾರ್ಪ್ ಅನ್ನಿಸುವ ಅಳತೆ) 0.025 ಮಿ.ಮೀ. ಅಂತ ಹಿಡಿದರೆ 32 ಎಂ.ಎಂ.ಗೆ ಎಫ್ 4ರಲ್ಲೇ (ಎಫ್ ಅಂಕಿ ಹೆಚ್ಚಿದಷ್ಟೂ ಲೆನ್ಸಿನ ಬಾಯಿ ಕಿರಿದು, ಒಳಬರುವ ಬೆಳಕು ಕಡಿಮೆ) 2.7ರಿಂದ 5.5 ಮೀಟರ್‌ವರೆಗೆ ಫೋಕಸ್ ಸಿಗುತ್ತೆ. ದೊಡ್ಡ ಪರದೆಗೆ ಹೋಗೋ ಚಿತ್ರ ಆದರೆ ಆ ಮಿತಿಯನ್ನು ಅರ್ಧಕ್ಕೆ ಇಳಿಸಿ. ಆಗ ಅಷ್ಟೇ ಫೋಕಸಿಗೆ ಎಫ್ 8 ಬೇಕು. ಎಫ್ 2.8ರಿಂದ ಎಫ್ 8ಕ್ಕೆ ಹೋದರೆ ಮೂರು ಸ್ಟಾಪ್ (ಒಂದೊಂದು ಸ್ಟಾಪಿಗೂ ಬೆಳಕು ಎರಡು ಪಟ್ಟು), ಅಂದ್ರೆ ಎಂಟು ಪಟ್ಟು ಬೆಳಕು ಬೇಕು. ಲೈಟ್ ಆರ್ಡರ್ ಮಾಡುವ ಮೊದಲೇ ಇದು ಗೊತ್ತಿರಬೇಕು.

ಇನ್ನು ಎತ್ತರ. ಕ್ಯಾಮೆರಾ 1.2 ಮೀಟರ್ ಎತ್ತರದಲ್ಲಿದ್ದರೆ ಹಿಂದಿರುವ ಕುಳ್ಳನ ಪಾದ ಫ್ರೇಮಿನಲ್ಲಿ ದೈತ್ಯನ ಪಾದಕ್ಕಿಂತ ಮೇಲೆ ಬರುತ್ತೆ. ನೋಡಿದವರಿಗೆ ತಕ್ಷಣ "ಓ, ಅವನು ದೂರ ಇದ್ದಾನೆ" ಅಂತ ಗೊತ್ತಾಗುತ್ತೆ. ಇಬ್ಬರೂ ಒಂದೇ ನೆಲದ ಮೇಲಿದ್ದಂತೆ ಕಾಣಲು ಮುಂದಿನ ನೆಲವನ್ನು 40 ಸೆಂ.ಮೀ. ಎತ್ತಬೇಕು, ಇಲ್ಲವೇ ಹಿಂದಿನದನ್ನು 60 ಸೆಂ.ಮೀ. ತಗ್ಗಿಸಬೇಕು. ಎತ್ತೋದೇ ಸುಲಭ. ಪಾದ ಫ್ರೇಮಿನಲ್ಲಿ ಬರದಿದ್ದರೂ ಎತ್ತಿ. ಮೇಜಿನ ಹಲಗೆಗೂ ಇದೇ ಲೆಕ್ಕ ಅನ್ವಯ.

ಒಂದೇ ಕ್ಯಾಮೆರಾ. ಪಕ್ಕದಲ್ಲಿ ಇನ್ನೊಂದು ಇಟ್ಟು ಕ್ಲೋಸಪ್ ತೆಗೀತೀವಿ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಹಾಗೆಯೇ, ಸೆಟ್‌ನಲ್ಲಿ ನಿಂತು ಬರಿಗಣ್ಣಲ್ಲಿ ನೋಡಿ "ಸರಿ ಕಾಣ್ತಿಲ್ಲ" ಅನ್ನೋದಕ್ಕೆ ಅರ್ಥವಿಲ್ಲ. ಮಾನಿಟರ್ ನೋಡಿ, ಇಲ್ಲಾಂದ್ರೆ ಲೆನ್ಸ್ ಇರುವ ಜಾಗದಲ್ಲೇ ತಲೆ ಇಟ್ಟು ಒಂದು ಕಣ್ಣು ಮುಚ್ಚಿಕೊಂಡು ನೋಡಿ.

ಮರದಪುಡಿ:

ಮೇಜಿನ ಅಳತೆ ಕೊಡ್ತೀನಿ, ಮೇಲಿನ 40 ಸೆಂ.ಮೀ. ಪ್ಲಾಟ್‌ಫಾರ್ಮ್ ಇದೆ ಅಂತ ಹಿಡಿದು.

ಈ ಜಗತ್ತು ಕುಳ್ಳನದು ಅಂದುಕೊಳ್ಳಿ. ಅವನ ಕಡೆಯದೆಲ್ಲ ಮಾಮೂಲಿ ಅಳತೆ: ಮೇಜು 75 ಸೆಂ.ಮೀ. ಎತ್ತರ, ಹಲಗೆ ದಪ್ಪ 6, ಕುರ್ಚಿಯ ಆಸನ 45, ಲೋಟ 9. ದೈತ್ಯನ ಕಡೆ ಎಲ್ಲವೂ ಮೂರನೇ ಎರಡು ಭಾಗ: ಮೇಜು 50, ಹಲಗೆ 4, ಆಸನ 30, ಲೋಟ 6. ಆರು ಸೆಂ.ಮೀ. ಲೋಟ ಹಿಡಿದಾಗ ನಟನ ಬೆರಳು ಅದರ ಸುತ್ತ ಒಂದು ಸುತ್ತು ಬಂದು ಇನ್ನೂ ಉಳಿಯುತ್ತೆ. ದೈತ್ಯ ಅಂತ ಜನ ನಂಬೋದು ಎತ್ತರ ನೋಡಿ ಅಲ್ಲ, ಆ ಬೆರಳು ನೋಡಿ. ಮೊಣಕಾಲು ಮೇಜಿನ ಮಟ್ಟಕ್ಕೆ ಬರುವುದೂ ಒಳ್ಳೆಯದೇ, ಮುಚ್ಚಬೇಡಿ.

ಜಾಯಿಂಟ್ ಫ್ರೇಮಿನ ಮಧ್ಯದಲ್ಲೇ, ಲೆನ್ಸಿನ ನೇರಕ್ಕೆ ಬರಲಿ. ಮುಂದಿನ ತುಂಡಿನ ಕತ್ತರಿಸಿದ ಮೈಯನ್ನು ಒಳಕ್ಕೆ ಓರೆಯಾಗಿ ಕೊಯ್ಯಿರಿ, ಆಗ ಆ ದಪ್ಪ ಕ್ಯಾಮೆರಾಗೆ ಕಾಣಲ್ಲ. ಹಿಂದಿನ ತುಂಡನ್ನು ಲೆಕ್ಕಕ್ಕಿಂತ 10 ಸೆಂ.ಮೀ. ಉದ್ದ ಬಿಡಿ, ಮುಂದಿನ ತುಂಡಿನ ಮರೆಗೆ ಹೋಗುವಂತೆ. ಸರಿಸಮ ಕೊಯ್ದರೆ ಯಾರೋ ಕಾಲು ತಾಗಿಸಿದ ಕೂಡಲೇ ಮಧ್ಯೆ ನೆಲ ಇಣುಕುತ್ತೆ.

ಮರದ ಗೆರೆಗಳೇ ಹೆಚ್ಚು ಕಾಟ ಕೊಡೋದು. ಎರಡೂ ತುಂಡಿಗೆ ಒಂದೇ ಮರ ಹಾಕಿದರೆ ಮುಂದಿನ ಗೆರೆಗಳು ಒಂದೂವರೆ ಪಟ್ಟು ದಪ್ಪ ಕಾಣುತ್ತವೆ. ಪ್ಲೈವುಡ್ ಹಾಕಿ, ಗೆರೆಗಳನ್ನು ಬಣ್ಣದಲ್ಲೇ ಎಳೆಯಿರಿ: ಮುಂದೆ 4 ಮಿ.ಮೀ. ಅಂತರ ಇದ್ದಲ್ಲಿ ಹಿಂದೆ 6. ಕ್ಯಾಮೆರಾ ಜಾಗಕ್ಕೆ ಬಂದಮೇಲೆ ಒಬ್ಬರು ಮಾನಿಟರ್ ಮುಂದೆ ಕೂತು ಹೇಳುತ್ತಿರಬೇಕು, ಇನ್ನೊಬ್ಬರು ಪೆನ್ಸಿಲ್ ಹಿಡಿದು ಗೆರೆಗೆ ಗೆರೆ ಕೂಡಿಸಬೇಕು. ಜಾಯಿಂಟ್ ಮೇಲೆ ಒಂದು ಹೂಜಿ ಇಡಿ. ಅದು ಮುಂದಿನ ತುಂಡಿನ ಮೇಲೇ ಇರಬೇಕು, ಹಿಂದೆ ಇಟ್ಟರೆ ಏನನ್ನೂ ಮುಚ್ಚಲ್ಲ. ಅದರ ಅಳತೆಯೂ ಮೂರನೇ ಎರಡು.

ಗೋಡೆ: ಹಿಂದಿನ ಗೋಡೆಯ ಕಲ್ಲು 45 ಸೆಂ.ಮೀ. ಇದ್ದರೆ ದೈತ್ಯನ ಪಕ್ಕದ ಕಂಬದ ಕಲ್ಲು 30. ಥರ್ಮೋಕೋಲ್ ಅನ್ನು ಬಿಸಿ ತಂತಿಯಲ್ಲಿ ಕೊಯ್ದು, ಮೇಲ್ಮೈಯನ್ನು ತಂತಿ ಬ್ರಷ್‌ನಿಂದ ಕೆರೆದು ಒರಟು ಮಾಡಿ. ಬರಿ ಥರ್ಮೋಕೋಲ್ ಮೇಲೆ ಸ್ಪ್ರೇ ಕ್ಯಾನ್ ಹೊಡೆದರೆ ಅದರ ದ್ರಾವಕಕ್ಕೆ ಕರಗಿ ಗುಳಿ ಬೀಳುತ್ತೆ; ಮೊದಲು ತೆಳು ಹತ್ತಿಬಟ್ಟೆಯನ್ನು ಬಿಳಿ ಅಂಟಿನಲ್ಲಿ ಅದ್ದಿ ಹಚ್ಚಿ ಒಣಗಿಸಿ, ಆಮೇಲೆ ನೀರಿನಲ್ಲಿ ಬೆರೆಯುವ ಬಣ್ಣ. ಬೂದು ಬಣ್ಣದ ಮೇಲೆ ಒಂದಕ್ಕೆ ಎಂಟು ಪಾಲು ನೀರು ಬೆರೆಸಿದ ಕಡುಕಂದು ಮೇಲಿಂದ ಇಳಿಬಿಡಿ, ಸಂದಿಗಳಲ್ಲಿ ತಾನೇ ನಿಲ್ಲುತ್ತೆ. ಉಬ್ಬಿದ ಕಡೆ ಒದ್ದೆ ಬಟ್ಟೆಯಿಂದ ಒರೆಸಿ, ಕೊನೆಗೆ ಒಣಬ್ರಷ್‌ನಲ್ಲಿ ತಿಳಿಬೂದು ಸವರಿ. ಎಲ್ಲ ಸಂದಿಯೂ ಒಂದೇ ಅಗಲ ಇದ್ದರೆ ಕಲ್ಲಲ್ಲ, ಬಾತ್‌ರೂಮ್ ಟೈಲ್ಸ್. ಬೆಂಕಿ ತಡೆಯುವ ದರ್ಜೆಯ ಥರ್ಮೋಕೋಲನ್ನೇ ತರಿಸಿ. ಅದು ಕೂಡ ಉರಿಗೆ ಕರಗಿ ತೊಟ್ಟಿಕ್ಕುತ್ತೆ, ಆದ್ದರಿಂದ ನಿಜವಾದ ಪಂಜು ಗೋಡೆಗೆ ಸಿಕ್ಕಿಸೋ ಆಸೆ ಬಿಡಿ.

ಬಟ್ಟೆಯ ವಿಷಯ ಕಾಸ್ಟ್ಯೂಮ್‌ನವರಿಗೆ ಮುಂಚೆಯೇ ಹೇಳಿ: ದೈತ್ಯನಿಗೆ ನಯವಾದ ನೇಯ್ಗೆ, ಕುಳ್ಳನಿಗೆ ಒರಟು ನೇಯ್ಗೆ. ಇಬ್ಬರಿಗೂ ಒಂದೇ ಥಾನಿನಿಂದ ಹೊಲಿದರೆ ದೈತ್ಯನ ಅಂಗಿ ಗೋಣಿಚೀಲದಂತೆ ಕಾಣುತ್ತೆ.

ಕಟ್ಟರ್‌ಹಿಡಿ:

ಹೊಗೆ ಬೇಡ. ಈ ಶಾಟ್ ಮಟ್ಟಿಗೆ ಬೇಡವೇ ಬೇಡ.

ಮಿನಿಯೇಚರ್ (ಪುಟ್ಟ ಮಾದರಿ) ಊರೋ ಕೋಟೆಯೋ ಆಗಿದ್ದರೆ ಹೊಗೆ ನಿಮ್ಮ ಗೆಳೆಯ. ಹತ್ತಿರದ್ದನ್ನು ದೂರ ತೋರಿಸುತ್ತೆ. ಇಲ್ಲಿ ಬೇಕಿರೋದು ಅದರ ತದ್ವಿರುದ್ಧ. 4.5 ಮೀಟರಿನಲ್ಲಿರುವ ಕುಳ್ಳ ದೈತ್ಯನ ಪಕ್ಕದಲ್ಲೇ ಇದ್ದಾನೆ ಅನ್ನಿಸಬೇಕು. ನಡುವಿನ ಒಂದೂವರೆ ಮೀಟರ್ ಹೊಗೆ ಅವನ ಕಪ್ಪನ್ನು ಬೂದು ಮಾಡಿ, ಗುಟ್ಟು ರಟ್ಟು ಮಾಡುತ್ತೆ. ಆ ಮಬ್ಬು ಬೇಕೇ ಬೇಕು ಅಂದ್ರೆ ಲೆನ್ಸ್ ಮುಂದೆ ಡಿಫ್ಯೂಷನ್ ಫಿಲ್ಟರ್ ಹಾಕಿ. ಗಾಜು ದೂರ ನೋಡಲ್ಲ, ಇಬ್ಬರ ಮೇಲೂ ಒಂದೇ ಥರ ಕೆಲಸ ಮಾಡುತ್ತೆ.

ಲೈಟ್ ಕ್ಯಾಮೆರಾ ಪಕ್ಕ ಇಟ್ಟರೆ ದೈತ್ಯನ ಮೇಲೆ ಕುಳ್ಳನಿಗಿಂತ 2.25 ಪಟ್ಟು ಹೆಚ್ಚು ಬೆಳಕು ಬೀಳುತ್ತೆ, ಒಂದು ಸ್ಟಾಪಿಗೂ ಜಾಸ್ತಿ. ಪಕ್ಕದಿಂದ ಕೊಡಿ. ಇಬ್ಬರಿಗೂ ಬೇರೆ ಬೇರೆ ಲೈಟ್, ಆದರೆ ಒಂದೇ ಕೋನ, ಒಂದೇ ಎತ್ತರದ ಲೆಕ್ಕ, ಬೆಳಕನ್ನು ಮೃದು ಮಾಡುವ ಒಂದೇ ಸ್ಕಿಮ್ಮರ್ ಬಟ್ಟೆ. ಹಿಂದಿನ ಸ್ಕಿಮ್ಮರ್ ಮಾತ್ರ ಒಂದೂವರೆ ಪಟ್ಟು ದೊಡ್ಡದಾಗಿರಲಿ, ದೂರವೂ ಒಂದೂವರೆ ಪಟ್ಟು. ಆಗ ಮೂಗಿನ ನೆರಳಿನ ಅಂಚು ಇಬ್ಬರಲ್ಲೂ ಒಂದೇ ಹದದಲ್ಲಿ ಬರುತ್ತೆ. ಮೀಟರ್ ಹಿಡಿದು ಎರಡೂ ಮುಖದಲ್ಲಿ ಓದಿ. ವ್ಯತ್ಯಾಸ ಹತ್ತನೇ ಒಂದೆರಡು ಸ್ಟಾಪ್ ದಾಟಬಾರದು.

ಜಾಯಿಂಟ್ ಹತ್ತಿರ ಗಟ್ಟಿ ನೆರಳು ಬೀಳದಂತೆ ನೋಡಿಕೊಳ್ಳಿ. ಹೂಜಿಯ ನೆರಳು ಮೇಜಿನ ಮೇಲೆ ಸಾಗಿ ಜಾಯಿಂಟ್‌ನಲ್ಲಿ ತುಂಡಾಗಿ ನಿಂತರೆ ಎಷ್ಟು ಬಣ್ಣ ಹಚ್ಚಿದ್ದರೂ ವ್ಯರ್ಥ.

ಮೇಣದಬತ್ತಿ ಕುಳ್ಳನ ಕಡೆ ಮಾತ್ರ ಇಡಿ. ಬತ್ತಿಯನ್ನು ಸಣ್ಣ ಮಾಡಬಹುದು, ಜ್ವಾಲೆಯನ್ನು ಆಗಲ್ಲ. ದೈತ್ಯನ ಮುಂದೆ ಅದೇ ಜ್ವಾಲೆ ಒಂದೂವರೆ ಪಟ್ಟು ಕಂಡು ಅಲ್ಲೇ ಕಣ್ಣು ಹೋಗುತ್ತೆ. ಬೆಂಕಿ, ನೀರು ಎರಡೂ ನಮ್ಮ ಅಳತೆಪಟ್ಟಿಗೆ ಬಗ್ಗೋದಿಲ್ಲ. ಮಿನಿಯೇಚರ್‌ಗಳಲ್ಲಿ ಫ್ರೇಮ್ ರೇಟ್ ಏರಿಸಿ ಸಮಾಧಾನ ಮಾಡಿಕೊಳ್ಳಬಹುದು: ನಾಲ್ಕನೇ ಒಂದರ ಮಾದರಿಗೆ ಸೆಕೆಂಡಿಗೆ 24 ಫ್ರೇಮಿನ ಬದಲು 48, ಒಂಬತ್ತನೇ ಒಂದಕ್ಕೆ 72. ನಟರು ಮಾತಾಡ್ತಿರುವಾಗ ಆ ದಾರಿಯೂ ಇಲ್ಲ.

1959ರ ‘ಡಾರ್ಬಿ ಓ’ಗಿಲ್’ ಚಿತ್ರದಲ್ಲಿ ಕುಳ್ಳರನ್ನು ಹೀಗೇ ದೂರ ಕೂರಿಸಿ ತೆಗೆದಾಗ ಸೆಟ್‌ಗೆ ಬೆಳಕನ್ನು ಸುರಿಯಬೇಕಾಗಿ ಬಂದದ್ದು ಎಫ್ ಸ್ಟಾಪಿನ ಇದೇ ಲೆಕ್ಕಕ್ಕೆ. ಈಗಿನ ಸೆನ್ಸರ್‌ಗಳಿಂದ ಅಷ್ಟು ಕಷ್ಟ ಇಲ್ಲ.

ಕತ್ತಲೆಕೋಣೆ:

ಹೊಗೆ ಕೈಬಿಟ್ಟಾಯ್ತು, 32 ಎಂ.ಎಂ. ಆಯ್ತು. ಟ್ರಾಲಿ ಬಗ್ಗೆ ಯಾರೂ ಬಾಯಿ ಬಿಡ್ತಿಲ್ಲ. 30 ಸೆಂ.ಮೀ. ಅಷ್ಟೇ, ಎಡದಿಂದ ಬಲಕ್ಕೆ. ಅದೂ ಆಗಲ್ವಾ?

ನೂಲುಗುಂಡು:

ಆಗುತ್ತೆ. ಅದಕ್ಕೂ ಮುಂಚೆ ಗಾಜುಗಣ್ಣು ಸರ್ ಬರೆದದ್ದಕ್ಕೆ ಒಂದು ತಿದ್ದುಪಡಿ. 3 ಮೀಟರ್, 4.5 ಮೀಟರ್ ಎಲ್ಲಿಂದ ಅಂತ ಅವರು ಹೇಳಿಲ್ಲ. ಫೋಕಸ್ ಟೇಪು ಕ್ಯಾಮೆರಾ ಮೈಮೇಲಿನ ಸೆನ್ಸರ್ ಗುರುತಿನಿಂದ. ಗಾತ್ರದ ಅನುಪಾತ ಮಾತ್ರ ಲೆನ್ಸಿನ ನೋಟ ಹೊರಡುವ ಬಿಂದುವಿನಿಂದ, ಅಂದ್ರೆ ಲೆನ್ಸಿನ ನೋಡಲ್ ಪಾಯಿಂಟ್‌ನಿಂದ. ಎರಡರ ನಡುವೆ 12 ಸೆಂ.ಮೀ. ವ್ಯತ್ಯಾಸ ಇದ್ದರೆ ಒಂದೂವರೆ ಅನ್ನೋದು 1.52 ಆಗುತ್ತೆ. ಮುಖದಲ್ಲಿ ಗೊತ್ತಾಗಲ್ಲ, ಮೇಜಿನ ಜಾಯಿಂಟ್‌ನಲ್ಲಿ ಗೊತ್ತಾಗುತ್ತೆ.

ನೋಡಲ್ ಪಾಯಿಂಟ್ ಹುಡುಕೋದು ಹೀಗೆ: ಒಂದು ಲೈಟ್ ಸ್ಟ್ಯಾಂಡ್ ಒಂದು ಮೀಟರಿನಲ್ಲಿ, ಇನ್ನೊಂದು ಐದು ಮೀಟರಿನಲ್ಲಿ, ಒಂದರ ಹಿಂದೆ ಒಂದು ಮರೆಯಾಗುವಂತೆ ನಿಲ್ಲಿಸಿ. ಕ್ಯಾಮೆರಾ ಎಡಕ್ಕೆ ಬಲಕ್ಕೆ ತಿರುಗಿಸಿ. ಹಿಂದಿನದು ಇಣುಕಿದರೆ ಕ್ಯಾಮೆರಾವನ್ನು ಟ್ರೈಪಾಡ್ ಹೆಡ್ ಮೇಲೆ ಹಿಂದೆ ಮುಂದೆ ಜರುಗಿಸಿ. ಎಷ್ಟು ತಿರುಗಿಸಿದರೂ ಇಣುಕದ ಜಾಗವೇ ಅದು. ಆ ಜಾಗದಲ್ಲಿ ಕೂರಿಸಿದರೆ ಪ್ಯಾನ್ (ಅಕ್ಕಪಕ್ಕ ತಿರುಗಿಸೋದು), ಟಿಲ್ಟ್ (ಮೇಲೆ ಕೆಳಗೆ ವಾಲಿಸೋದು) ಎರಡನ್ನೂ ಧಾರಾಳವಾಗಿ ಮಾಡಬಹುದು, ಜಾಯಿಂಟ್ ಅಲುಗಲ್ಲ. ನಿಮ್ಮ ದೃಶ್ಯಕ್ಕೆ ಅಷ್ಟೇ ಸಾಲುತ್ತಾ ಅಂತ ಒಮ್ಮೆ ಯೋಚಿಸಿ.

ಇಲ್ಲ, ಟ್ರಾಲಿಯೇ ಬೇಕು ಅಂದ್ರೆ ನಿಯಮ ಸರಳ: ಒಂದೂವರೆ ಅನುಪಾತಕ್ಕೆ, ಕ್ಯಾಮೆರಾ ಎಷ್ಟು ಸರಿಯುತ್ತೋ ಅದರ ಮೂರನೇ ಒಂದು ಭಾಗ ದೈತ್ಯನೂ ಅವನ ಮೇಜಿನ ತುಂಡೂ ಅದೇ ದಿಕ್ಕಿಗೆ ಸರಿಯಬೇಕು. ಕ್ಯಾಮೆರಾ 30 ಸೆಂ.ಮೀ. ಬಲಕ್ಕೆ, ದೈತ್ಯ 10 ಸೆಂ.ಮೀ. ಬಲಕ್ಕೆ. ಕುಳ್ಳ ಕದಲೋದೇ ಇಲ್ಲ. 2001ರ ‘ಲಾರ್ಡ್ ಆಫ್ ದಿ ರಿಂಗ್ಸ್’ ಚಿತ್ರದಲ್ಲಿ ಕ್ಯಾಮೆರಾ ಜೊತೆ ನಟನ ಪ್ಲಾಟ್‌ಫಾರ್ಮೂ ಸರಿಯುತ್ತಿದ್ದುದು ಈ ತತ್ವದ ಮೇಲೇ.

ಕಂಪ್ಯೂಟರ್ ಇಲ್ಲದೆ ಮಾಡೋಕೆ ಒಂದು ಉದ್ದ ಕಬ್ಬಿಣದ ಚೌಕ ಪೈಪು ಸಾಕು. ಪೈಪಿನ ಒಂದು ತುದಿಗೆ ಕುಳ್ಳನ ಕುರ್ಚಿಯ ನೇರ ಕೆಳಗೆ ನೆಲದಲ್ಲಿ ಒಂದು ಗೂಟ. ಗೂಟದಿಂದ 4.5 ಮೀಟರ್ ದೂರದ ತುದಿಗೆ ಕ್ಯಾಮೆರಾ ಟ್ರಾಲಿ. 1.5 ಮೀಟರ್ ದೂರದಲ್ಲಿ ದೈತ್ಯನ ಪ್ಲಾಟ್‌ಫಾರ್ಮ್. ಟ್ರಾಲಿ ತಳ್ಳಿದಾಗ ಪೈಪು ಗೂಟದ ಸುತ್ತ ತಿರುಗುತ್ತೆ, ಮೂರನೇ ಒಂದರ ಲೆಕ್ಕ ತಾನಾಗೇ ಬರುತ್ತೆ, ಯಾರೂ ಎಣಿಸಬೇಕಿಲ್ಲ. ಪೈಪು ಅಂದ್ರೆ ಲೆನ್ಸಿನಿಂದ ಕುಳ್ಳನವರೆಗಿನ ನೋಟದ ಗೆರೆಯೇ, ಕಬ್ಬಿಣದಲ್ಲಿ. ಮುಂದೆ 40 ಸೆಂ.ಮೀ. ಎತ್ತಿದ್ದೀರಲ್ಲ, ಅದರ ಅಡಿಯಲ್ಲೇ ಪೈಪು ಓಡಾಡಲಿ.

ತಪ್ಪೋದು ಎಲ್ಲಿ ಅಂದ್ರೆ: ಟ್ರಾಲಿ ನೇರ ಹಳಿಯ ಮೇಲೆ, ಪೈಪಿನ ತುದಿ ಕಮಾನಿನಲ್ಲಿ. 30 ಸೆಂ.ಮೀ. ಓಟಕ್ಕೆ ವ್ಯತ್ಯಾಸ ಕಾಲು ಸೆಂ.ಮೀ. ಮಾತ್ರ, ಆದರೆ ಗಟ್ಟಿ ಬೋಲ್ಟ್ ಹಾಕಿದರೆ ಅಷ್ಟಕ್ಕೇ ಸಿಕ್ಕಿಹಾಕಿಕೊಳ್ಳುತ್ತೆ. ಎರಡೂ ಕಡೆ ರಂಧ್ರವನ್ನು ಪೈಪಿನ ಉದ್ದಕ್ಕೆ ಒಂದು ಸೆಂ.ಮೀ. ಸೀಳಿ. ಅಡ್ಡಕ್ಕೆ ಮಾತ್ರ ಆಟ ಇರಕೂಡದು. ಪ್ಲಾಟ್‌ಫಾರ್ಮಿನ ಚಕ್ರಕ್ಕೂ ಹಳಿ ಬೇಕು, ಬರೀ ನೆಲದ ಮೇಲೆ ಬಿಟ್ಟರೆ ನಟನ ಭಾರಕ್ಕೆ ತಡವಾಗಿ ಹೊರಟು ಜರ್ಕ್ ಹೊಡೆಯುತ್ತೆ. ಕಾಫಿ ಕುಡಿಯುವ ದೃಶ್ಯ ಆಗಿದ್ದರೆ ಲೋಟದಲ್ಲಿನ ಅಲೆ ನೋಡಿಯೇ ಗೊತ್ತಾಗುತ್ತೆ. ಲೋಟ ಖಾಲಿ ಇರಲಿ.

ಒಂದು ಮಾತು: ತ್ರೀಡಿ ಚಿತ್ರ ಆದರೆ ಇದ್ಯಾವುದೂ ನಡೆಯಲ್ಲ. ಎರಡು ಲೆನ್ಸ್ ಇದ್ದಾಗ ಆಳ ಬಯಲಾಗುತ್ತೆ. ಅದೇ ತಂಡ 2012ರಲ್ಲಿ ತೆರೆಕಂಡ ‘ಹಾಬಿಟ್’ ತೆಗೆದಾಗ ಎರಡು ಸೆಟ್, ಎರಡು ಕ್ಯಾಮೆರಾ ಇಟ್ಟು, ಒಂದರ ಚಲನೆಯನ್ನು ಇನ್ನೊಂದು ಬೇರೆ ಅಳತೆಯಲ್ಲಿ ಅನುಸರಿಸುವಂತೆ ಮಾಡಬೇಕಾಯ್ತು.

ಕ್ಲಾಪುಹಲಗೆ:

ನಟರ ಕಡೆಯದ್ದು ಉಳಿದಿದೆ, ಟೇಕ್ ಹಾಳಾಗೋದು ಹೆಚ್ಚಾಗಿ ಅಲ್ಲೇ.

ದೈತ್ಯ ಮಾತಿನ ಭರದಲ್ಲಿ 30 ಸೆಂ.ಮೀ. ಮುಂದಕ್ಕೆ ಬಾಗಿದರೆ ಫ್ರೇಮಿನಲ್ಲಿ 11 ಶೇಕಡಾ ಊದುತ್ತಾನೆ. ಕುಳ್ಳ ಅಷ್ಟೇ ಬಾಗಿದರೆ 7 ಶೇಕಡಾ. ಆದ್ದರಿಂದ ಅಭಿನಯವೆಲ್ಲ ಅಕ್ಕಪಕ್ಕಕ್ಕೆ, ಹಿಂದೆ ಮುಂದೆ ಬೇಡ. ಪಕ್ಕಕ್ಕೆ ಸರಿಯುವಾಗಲೂ ಕುಳ್ಳ ಒಂದೂವರೆ ಪಟ್ಟು ಹೆಚ್ಚು ಸರಿಯಬೇಕು, ಹೆಚ್ಚು ಚುರುಕಾಗಿ ಕೂಡ.

ದೃಷ್ಟಿಯ ವಿಷಯದಲ್ಲಿ ಒಂದು ವಿಚಿತ್ರ ಇದೆ. ಕುಳ್ಳ ನೋಡಬೇಕಾದ ಗುರುತು ದೈತ್ಯನ ಮುಖದ ಹಿಂದೆ, 4.5 ಮೀಟರಿನಲ್ಲೇ ಇರಬೇಕು. ದೈತ್ಯನ ತಲೆಯೇ ಅದನ್ನು ಮರೆಮಾಡುತ್ತೆ, ಕೋಲಿಗೆ ಒಂದು ಟೆನಿಸ್ ಚೆಂಡು ಸಿಕ್ಕಿಸಿ ನಿಲ್ಲಿಸಿದರೆ ಮುಗೀತು. ದೈತ್ಯನಿಗೆ ಈ ಸೌಕರ್ಯ ಇಲ್ಲ. ಅವನ ಗುರುತು 3 ಮೀಟರಿನಲ್ಲಿ ಬರುತ್ತೆ, ಅಲ್ಲಿ ಚೆಂಡು ಇಟ್ಟರೆ ಕುಳ್ಳನ ಮುಖವೇ ಮುಚ್ಚಿಹೋಗುತ್ತೆ. ಹಾಗಾಗಿ ಲೆನ್ಸಿನಿಂದ ಕುಳ್ಳನ ಕಣ್ಣಿಗೆ ಒಂದು ದಾರ ಎಳೆಯಿರಿ. ಅದು 3 ಮೀಟರಿನ ಗೆರೆ ದಾಟುವ ಜಾಗಕ್ಕೆ ದೈತ್ಯನ ಕಣ್ಣಿನಿಂದ ಇನ್ನೊಂದು ದಾರ ಎಳೆದು, ಅದೇ ನೇರಕ್ಕೆ ಫ್ರೇಮಿನಾಚೆವರೆಗೂ ಮುಂದುವರಿಸಿ. ಅಲ್ಲಿ ಕಟ್ಟರ್ ಸ್ಟ್ಯಾಂಡಿಗೆ (ಬೆಳಕು ತಡೆಯುವ ಹಲಗೆಯ ಸ್ಟ್ಯಾಂಡ್) ಬಿಳಿ ಟೇಪು ಅಂಟಿಸಿ. ದಾರ ಬಿಚ್ಚೋದನ್ನು ಮರೀಬೇಡಿ. ಟ್ರಾಲಿ ಓಡಿಸುವುದಾದರೆ ದೈತ್ಯನ ಟೇಪು ಅವನ ಪ್ಲಾಟ್‌ಫಾರ್ಮಿಗೇ ಕಟ್ಟಿದ ಸರಳಿನ ಮೇಲಿರಲಿ, ಅವನ ಜೊತೆಗೇ ಸರಿಯುತ್ತೆ.

ಕುಳ್ಳನ ಕೈ ಯಾವತ್ತೂ ದೈತ್ಯನ ಮುಂದೆ ಹಾಯುವಂತಿಲ್ಲ. ಮುಂದಿರೋನೇ ಹಿಂದಿರೋನನ್ನು ಮರೆಮಾಡೋದು, ಅದನ್ನು ತಿರುಗಿಸೋಕಾಗಲ್ಲ. ಇವನು ಅವನಿಗೆ ಏನನ್ನಾದರೂ ಕೊಡಬೇಕಾದರೆ ಎರಡು ಅಳತೆಯ ಎರಡು ವಸ್ತು ಮಾಡಿಸಿ. ಕುಳ್ಳ ತನ್ನದನ್ನು ಹೂಜಿಯ ಮರೆಗೆ ಸರಿಸುತ್ತಾನೆ, ದೈತ್ಯ ಹೂಜಿಯ ಈಚೆಯಿಂದ ತನ್ನದನ್ನು ಎತ್ತುತ್ತಾನೆ. ಟೈಮಿಂಗ್ ಎಣಿಕೆಯ ಮೇಲೆ ಕೂರಬೇಕು: ಒಂದು, ಎರಡು, ಕೈ.

ಇಬ್ಬರಿಗೂ ಕಾಲರ್ ಮೈಕ್ ಹಾಕಿ. ಕೋಲಿಗೆ ಕಟ್ಟಿದ ಒಂದೇ ಬೂಮ್ ಮೈಕ್ ನಂಬಿಕೊಂಡರೆ ಕುಳ್ಳನ ದನಿ ಹಜಾರದಾಚೆಯಿಂದ ಬಂದಂತೆ ಕೇಳುತ್ತೆ.

ಕತ್ತಲೆಕೋಣೆ:

ಗೂಟದ ಐಡಿಯಾ ಬರೆದುಕೊಂಡೆ. ಕೊನೇದು: ದೈತ್ಯ ಎದ್ದು ನಿಲ್ಲೋ ಶಾಟ್ ಇದೇ ಸೆಟಪ್‌ನಲ್ಲಿ ಆಗುತ್ತಾ?

ಗಾಜುಗಣ್ಣು:

ಮೊದಲು, ನೂಲುಗುಂಡು ಹೇಳಿದ್ದು ಸರಿ, ಅಳತೆ ನೋಡಲ್ ಪಾಯಿಂಟ್‌ನಿಂದಲೇ.

32 ಎಂ.ಎಂ.ನಲ್ಲಿ 3 ಮೀಟರಿಗೆ ಫ್ರೇಮಿನ ಎತ್ತರ 1.3 ಮೀಟರ್. ಕ್ಯಾಮೆರಾ ನೇರ ಇಟ್ಟರೆ ಲೆನ್ಸಿನ ಮಟ್ಟದಿಂದ ಮೇಲೆ 65 ಸೆಂ.ಮೀ. ಮಾತ್ರ ಕಾಣುತ್ತೆ. ಪ್ಲಾಟ್‌ಫಾರ್ಮ್ ಮೇಲೆ ನಿಂತ ನಟನ ತಲೆ 90 ಸೆಂ.ಮೀ. ಮೇಲಿರುತ್ತೆ, ಅಂದ್ರೆ ಕತ್ತಿನ ಹತ್ತಿರ ಕಟ್ ಆಗುತ್ತೆ. ಅದೇ ಇರಲಿ. ಕುಳ್ಳ ತಲೆಯೆತ್ತಿ ನೋಡ್ತಾನೆ, ದೈತ್ಯನ ಮುಖ ಫ್ರೇಮಿನಿಂದಾಚೆ. ಮುಖ ಬೇಕಾದರೆ ನೋಡಲ್ ಹೆಡ್‌ನಲ್ಲಿ ಟಿಲ್ಟ್ ಮಾಡಿ. ಟೆನಿಸ್ ಚೆಂಡಿನ ಕೋಲನ್ನು ಮಾತ್ರ ಆ ಎತ್ತರಕ್ಕೆ ಏರಿಸಲು ಒಬ್ಬರನ್ನು ಹಿಂದೆ ಕೂರಿಸಿ, ದೈತ್ಯನ ಬೆನ್ನ ಮರೆಯಲ್ಲೇ.